ಮೂರನೆಯ ನಾಜಲ್

ನವೆಂಬರ್ ೧೦, ೧೯೯೮, ಮಂಗಳವಾರ

ಇವತ್ತು ಲಕ್ಷ್ಮೇಶ್ವರದ ಸ್ಟ್ಯಾಂಡಿನಲ್ಲಿ ಏಳು ಜನ ನನ್ನ ಮುಖ ನೋಡಿ, "ಅಝೀಮ ಇಲ್ಲೇನು?" ಎಂದು ಕೇಳಿದರು. ನಿನ್ನೆ ಐದು ಜನ. ಬರೆದಿಡುತ್ತಿದ್ದೇನೆ. ಲೆಕ್ಕವಿಲ್ಲದ ದೂರು ಬರೀ ಗೊಣಗಾಟ ಎಂದು ಓದಿದ್ದೇನೆ.

ಕಾರು ಅವನೊಬ್ಬನದಲ್ಲ. ಈ ಹಳೆಯ ಡೀಸೆಲ್ ಅಂಬಾಸಿಡರನ್ನು ಯುಗಾದಿಯ ಹೊತ್ತಿಗೆ ಇಬ್ಬರೂ ಅರ್ಧರ್ಧ ಹಾಕಿ ಕೊಂಡೆವು. ಕೂಡಿ ಕೊಳ್ಳುವ ವಿಚಾರ ನನ್ನದು. ಸಹಕಾರದ ಮೇಲಿನ ಕಿರುಹೊತ್ತಿಗೆಯನ್ನು ಮೂರು ಸಂಜೆ ಕೂತು ಅಝೀಮನಿಗೆ ಓದಿ ಹೇಳಿದವನು ನಾನು. ಮಾಲಕ ಇಲ್ಲ, ಆಳು ಇಲ್ಲ. ಒಂದು ವಾರ ಅವನು ಓಡಿಸಬೇಕು, ಒಂದು ವಾರ ನಾನು. ಸೋಮವಾರ ಮುಂಜಾನೆ ಕೀಲಿ ಕೈ ಬದಲಿಸಬೇಕು. ಗದಗ ಜಿಲ್ಲೆಯಾದ ಮೇಲೆ ಜನಕ್ಕೆ ಧಾರವಾಡದ ದಾರಿ ತಪ್ಪಿ ಗದಗಿನ ದಾರಿ ಹತ್ತಿದೆ, ಬಾಡಿಗೆಗೆ ಬರವಿಲ್ಲ. ಎಲ್ಲವೂ ನಾನು ಹೇಳಿದಂತೆಯೇ ಆಯಿತು. ಆದರೆ ಜನ ಅವನ ವಾರಕ್ಕಾಗಿ ಕಾಯುತ್ತಾರೆ. ಬಾಳೆಹೊಸೂರಿನ ಮಠಕ್ಕೆ ಹೋಗಬೇಕಿದ್ದ ಮುದುಕರೊಬ್ಬರು ಇವತ್ತು ನನ್ನೆದುರೇ, "ಅವಸರೇನಿಲ್ಲಪಾ, ಮಠ ಎಲ್ಲಿ ಹೊಕ್ಕೈತಿ, ಮುಂದಿನ ವಾರ ಹೋದ್ರಾತು" ಎಂದರು.

ಇದು ಅಸೂಯೆ ಅಲ್ಲ. ಅಸೂಯೆ ಖಾಸಗಿ ಆಸ್ತಿಯಿಂದ ಹುಟ್ಟುವ ರೋಗ. ನಮ್ಮದು ಖಾಸಗಿ ಆಸ್ತಿಯಲ್ಲ. ಆದ್ದರಿಂದ ಇದು ಬೇರೆ ಏನೋ.

ನವೆಂಬರ್ ೧೪, ಶನಿವಾರ

ನರ್ಸಬಾಯಿ ಸುಮಿತ್ರವ್ವನವರು ಇವತ್ತು ಶಿರಹಟ್ಟಿಗೆ ನನ್ನ ಕಾರಿನಲ್ಲಿ ಬಂದರು. ಲಸಿಕೆ ಹಾಕಲು ಊರೂರು ತಿರುಗುವವರು ಅವರು. ಆರೋಗ್ಯ ಕಚೇರಿಯವರು ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಗೆ ತಿರುಗಲು ವರ್ಷದ ಮಟ್ಟಿಗೆ ಒಂದು ಕಾರು ಗೊತ್ತು ಮಾಡುತ್ತಾರಂತೆ. ನಮ್ಮ ಕಾರು ಆಗಬಹುದು ಎಂದರು. ಆದರೆ ಕಾಗದದಲ್ಲಿ ಡ್ರೈವರನೆಂದು ಒಬ್ಬನ ಹೆಸರಿಗೆ ಮಾತ್ರ ಜಾಗವಿದೆ. ನಾನು ನಮ್ಮ ವಾರದ ಪಾಳಿಯ ತತ್ವವನ್ನು ವಿವರಿಸಿದೆ. ಅವರು ಕಿಟಕಿಯಾಚೆ ನೋಡುತ್ತ, "ನಿನ್ನ ತತ್ವ ನನಗ ತಿಳೀತದ, ಕಚೇರಿಗೆ ತಿಳಿಯೂದಿಲ್ಲ. ಡಿಸೆಂಬರ ಹದಿನಾಲ್ಕಕ್ಕ ಹೆಸರ ಕೊಡಬೇಕು. ಅಲ್ಲೀತನಾ ಇಬ್ಬರ ಕೂಡಾನೂ ಅಡ್ಡಾಡಿ ನೋಡ್ತೀನಿ" ಎಂದರು.

ಒಂದೇ ಹೆಸರು ಎನ್ನುವುದು ತತ್ವಕ್ಕೆ ವಿರುದ್ಧ. ಆದರೆ ಒಂದೇ ಆಗುವುದಾದರೆ ತತ್ವ ಬಲ್ಲವನ ಹೆಸರಿರುವುದು ಮೇಲು.

ಬರುವಾಗ ಏರಿನಲ್ಲಿ ಕಾರು ಕರಿ ಹೊಗೆ ಕಾರಿತು. ಸುಮಿತ್ರವ್ವನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅಝೀಮನ ವಾರದಲ್ಲೂ ಇದೇ ಹೊಗೆ, ಆದರೆ ಆಗ ಅದು ಯಾರಿಗೂ ಕಾಣುವುದಿಲ್ಲ.

ಸಂಜೆ ಅಝೀಮ ಬಂದು ಬಾನೆಟ್ ಎತ್ತಿದ. ಎಂಜಿನ್ ಚಾಲೂ ಇಟ್ಟು, ಡೀಸೆಲ್ ಹೋಗುವ ನಾಲ್ಕು ಸಣ್ಣ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತ, ತಲೆ ವಾರೆ ಮಾಡಿ ಕೇಳಿದ. ಒಂದು ಕೊಳವೆ ಸಡಿಲಿಸಿದಾಗ ಎಂಜಿನ್ ದನಿ ಕುಗ್ಗಿದರೆ ಅದು ಕೆಲಸ ಮಾಡುತ್ತಿದೆ ಎಂದು ಅರ್ಥ, ಕುಗ್ಗದಿದ್ದರೆ ಅದು ಸುಮ್ಮನೆ ಕೂಳಿಗೆ ಕುಂತಿದೆ. ನನಗೆ ನಾಲ್ಕೂ ಒಂದೇ ಥರ ಕೇಳಿಸಿದವು. "ನಾಲ್ಕೂ ನಾಜಲ್ ಮುಗದಾವಲೇ ಹೊನ್ನ್ಯಾ," ಎಂದ. ನಾಜಲ್ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಬೇಕು. ನಮ್ಮವು ಸೋರುವ ನಳದ ಹಾಗೆ ತೊಟ್ಟಿಕ್ಕುತ್ತಿವೆಯಂತೆ. ಹೊಸವು ನಮ್ಮ ಕೈಗೆ ಎಟುಕುವುದಿಲ್ಲ. ಬೆಟಗೇರಿಯ ನಜೀರಸಾಬರಲ್ಲಿ ಬಳಸಿದ ಮಾಲು ಚಲೋ ಸಿಗುತ್ತದೆ. ನಾನು ಹೋಗಿ ತರುತ್ತೇನೆ ಎಂದೆ. ಅವನು ಬಾಯಿ ತೆರೆಯುವ ಮೊದಲೇ ಎಂದೆ.

ನವೆಂಬರ್ ೧೭, ಮಂಗಳವಾರ

ಅಝೀಮನ ವಾರ. ಬಸ್ ಹಿಡಿದು ಬೆಟಗೇರಿಗೆ ಹೋದೆ.

ನಜೀರಸಾಬರು ಬಿಳಿಗಡ್ಡದ ತೆಳ್ಳನೆಯ ಮನುಷ್ಯ. ಅಂಗಡಿ ಎಂದರೆ ಒಂದು ಬೆಂಚು, ಕೈಪಂಪಿನ ಟೆಸ್ಟರ್, ಗೋಡೆಯ ತುಂಬ ಡಬ್ಬಿಗಳು. ಪ್ರತಿ ನಾಜಲನ್ನೂ ಗಿರಾಕಿಯ ಕಣ್ಣೆದುರೇ ಟೆಸ್ಟರಿಗೆ ಹಾಕಿ ಹ್ಯಾಂಡಲ್ ಒತ್ತುತ್ತಾರೆ. ಚಲೋ ನಾಜಲ್ ಕರ್ರ್ ಎಂದು ಮಿಡತೆಯ ಹಾಗೆ ಕೂಗಿ ಮಂಜು ಬಿಡುತ್ತದೆ. ನಾನು ಕೈ ಒಡ್ಡಲು ಹೋದೆ, ಮಣಿಕಟ್ಟು ಹಿಡಿದು ಎಳೆದರು. ಆ ಮಂಜು ಚರ್ಮ ಸೀಳಿ ಒಳಗೆ ಹೋಗುತ್ತದಂತೆ.

ನಾಲ್ಕು ಒಳ್ಳೆಯವನ್ನು ಆರಿಸಿ ಸಾಲಾಗಿಟ್ಟರು. ಆಮೇಲೆ ಹೆಗಲ ಮೇಲಿನ ಟವೆಲನ್ನು ಮುಂಗೈ ಮೇಲೆ ಹಾಸಿ ನನ್ನ ಕಡೆ ಚಾಚಿದರು. ಮೊದಲು ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದರಂತೆ. ಎತ್ತಿನ ವ್ಯಾಪಾರದ ಹಾಗೆ ನಾಜಲಿನದೂ ಟವೆಲಿನ ಕೆಳಗೆ, ಬೆರಳು ಹಿಡಿದು. ಬಾಯಲ್ಲಿ ಬೆಲೆ ಹೇಳುವುದಿಲ್ಲ.

ನಾನು ಕೈ ಕೊಡಲಿಲ್ಲ. ಬೆಲೆಯನ್ನು ಬಟ್ಟೆಯಡಿ ಮುಚ್ಚುವುದು ದಲಾಲರ ಕುತಂತ್ರ, ವ್ಯವಹಾರ ಬಹಿರಂಗವಾಗಿರಬೇಕು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ನಾನು ಕೊಡಬಲ್ಲ ಬೆಲೆಯನ್ನೂ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದೆ. ಮೂಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದವನು ಮುಂಡರಗಿಯ ಹುಲಗಪ್ಪ, ಅವನೂ ಅಂಬಾಸಿಡರಿನವನೇ. ಎದ್ದು ಬಂದು, ನನ್ನ ಬೆಲೆಗಿಂತ ಒಂದಿಷ್ಟು ಹೆಚ್ಚು ಕೂಗಿದ. ನನ್ನ ಹತ್ತಿರ ಅಷ್ಟಿರಲಿಲ್ಲ. ನಾಲ್ಕೂ ಅವನ ಚೀಲ ಸೇರಿದವು.

ನಜೀರಸಾಬರು ನಗುತ್ತ ಟವೆಲು ಝಾಡಿಸಿದರು. "ಇದು ಬಡವನ ಬೆಲಿ ಮಂದಿಗೆ ಕಾಣಬಾರದಂತ ಹಾಕೂ ಅರಿವಿ ತಮ್ಮಾ. ತಗದಾಂವ ನೀ," ಎಂದರು. ಆಮೇಲೆ ನಾನು ಯಾರೆಂದು ಕೇಳಿದರು. ಹೇಳಿದೆ. "ಅಝೀಮನ ಪಾರ್ಟನರೇನು? ಮೊದಲ ಹೇಳಬಾರದ?" ಎಂದರು.

ಮೊದಲು ಯಾಕೆ ಹೇಳಬೇಕು? ನನಗೆ ನನ್ನದೇ ಹೆಸರಿಲ್ಲವೇ?

ನವೆಂಬರ್ ೧೯, ಗುರುವಾರ

ಮತ್ತೆ ಹೋದೆ. ಟವೆಲಿನ ಕೆಳಗೆ ಕೈ ಕೊಟ್ಟೆ. ಇದು ಸೋಲಲ್ಲ, ತಂತ್ರ.

ನಾಲ್ಕು ನಾಜಲ್ ಸಿಕ್ಕವು. ನಜೀರಸಾಬರು ಪ್ರತಿಯೊಂದರ ಹೆಗಲಿಗೂ ಅರದಿಂದ ಮೂರು ಗೀರು ಹಾಕಿ ಕೊಟ್ಟರು. ಅದು ಅವರ ಗುರುತು. ರಸೀದಿ ಇಲ್ಲ, ಹದಿನೈದು ದಿನದ ಮಾತು ಇದೆ. ಅಷ್ಟರೊಳಗೆ ಕೆಟ್ಟರೆ ಒಂದು ಪ್ರಶ್ನೆ ಕೇಳದೆ ಬೇರೆ ಕೊಡುತ್ತಾರೆ. ಮೂವತ್ತು ವರ್ಷದಲ್ಲಿ ಆ ಮಾತಿಗೆ ಮರಳಿ ಬಂದವರು ನಾಲ್ಕೇ ಮಂದಿಯಂತೆ, ಅವರ ಹೆಸರುಗಳನ್ನೂ ಹೇಳಿದರು.

ನವೆಂಬರ್ ೨೨, ಭಾನುವಾರ

ಇವತ್ತು ನಾಜಲ್ ಕೂರಿಸಿದೆವು. ಅಝೀಮ ಪಾನಾ ನನ್ನ ಕೈಗೇ ಕೊಟ್ಟ. "ತಂದಾಂವ ನೀ, ಕುಂಡ್ರಸಾಂವನೂ ನೀನ." ಹಳೆಯವನ್ನು ಬಿಚ್ಚಿ, ಕೂರುವ ಗುಳಿಗಳ ಮಸಿಯನ್ನು ಕೆರೆದು ಒರೆಸಿ, ಬುಡಕ್ಕೆ ಒಂದೊಂದು ಹೊಸ ತಾಮ್ರದ ವಾಶರ್ ಹಾಕಿ ಇಳಿಸಿದೆ. ಎರಡೂ ಕಡೆಯ ನಟ್ಟುಗಳನ್ನು ಸಮಸಮ ಬಿಗಿಯಬೇಕು, ಒಂದು ಕಡೆ ಜಾಸ್ತಿಯಾದರೆ ವಾರೆಯಾಗಿ ಕೂರುತ್ತದೆ. ಹಳೆಯ ವಾಶರ್ ಮತ್ತೆ ಹಾಕಬಾರದೇ ಎಂದು ಕೇಳಿದೆ. ಅವನು, ಉಂಡ ಎಲೆಯಲ್ಲಿ ಮತ್ತೆ ಉಣ್ಣುತ್ತೀಯೇನು ಎಂದ. ಕೊಳವೆಗಳಲ್ಲಿನ ಗಾಳಿ ತೆಗೆದು ಕೀಲಿ ತಿರುಗಿಸಿದೆ. ಅರ್ಧ ಸುತ್ತಿಗೇ ಚಾಲೂ ಆಯಿತು. ಹೊಗೆ ಇಲ್ಲ.

ಅವ್ವ ಹೊರಗೆ ಬಂದು ನೋಡಿದಳು. ನಾನು ಪಾನಾ ಹಿಡಿದು ನಿಂತಿದ್ದೆ, ಕೈ ಮೊಣಕೈತನಕ ಕರ್ರಗಾಗಿತ್ತು. ಅವ್ವ, "ಅಝೀಮಾ, ಕೈ ತೊಳಕೊಂಡ ಬಾ, ರೊಟ್ಟಿ ಬಿಸಿ ಅದಾವ" ಎಂದಳು.

ನವೆಂಬರ್ ೨೫, ಬುಧವಾರ

ನನ್ನ ವಾರ. ಕಾರು ಸೊರಟೂರಿನ ಏರನ್ನು ನಗುನಗುತ್ತ ಹತ್ತಿತು. ಹಿಂದೆ ಕೂತವರು ತಮ್ಮ ತಮ್ಮಲ್ಲೇ, "ಅಝೀಮ ಮಸ್ತ ರಿಪೇರಿ ಮಾಡ್ಯಾನಲ್ಲ ಗಾಡಿ" ಎಂದುಕೊಂಡರು. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಹೇಳಬೇಕೆಂದು ಬಾಯಿ ತೆರೆದೆ. ನಾನೇ ತಂದೆ, ನಾನೇ ಕೂರಿಸಿದೆ ಎಂದು ಡ್ರೈವರನೇ ಹೇಳಿದರೆ ಅದು ಎಷ್ಟು ಕೀಳಾಗಿ ಕೇಳಿಸುತ್ತದೆಂದು ಬಾಯಿ ತೆರೆದ ಮೇಲೆ ಗೊತ್ತಾಯಿತು. ಆಕಳಿಸಿದಂತೆ ಮಾಡಿದೆ.

ನಿನ್ನೆ ಆರು ಜನ ಕೇಳಿದರು. ಇವತ್ತು ನಾಲ್ಕು. ಕಾರು ಚಲೋ ಆದ ಮೇಲೂ ನಾಲ್ಕು.

ನವೆಂಬರ್ ೨೯, ಭಾನುವಾರ

ಒಂದು ಪ್ರಯೋಗ ಮಾಡಬೇಕೆಂದಿದ್ದೇನೆ. ವಿಜ್ಞಾನದಲ್ಲಿ ಎರಡು ಸಂಗತಿ ಕೂಡಿಕೊಂಡಾಗ ಒಂದನ್ನು ಬದಲಿಸಿ ನೋಡುತ್ತಾರೆ. ಜನ ಮೆಚ್ಚುವುದು ಯಂತ್ರವನ್ನೋ ಮನುಷ್ಯನನ್ನೋ? ಬುಧವಾರ ಸುಮಿತ್ರವ್ವನವರು ಅಝೀಮನ ಜೊತೆ ಹಮ್ಮಿಗಿಗೆ ಹೋಗುವವರಿದ್ದಾರೆ. ನನ್ನ ಜೊತೆ ಬಂದಾಗ ಕಾರು ಹೊಗೆ ಬಿಡುತ್ತಿತ್ತು. ಅವನಿಗೆ ಮಾತ್ರ ಚಲೋ ಕಾರು ಸಿಕ್ಕರೆ ಹೋಲಿಕೆ ನ್ಯಾಯವಾಗುವುದಿಲ್ಲ. ಸಮಾನ ಪರಿಸ್ಥಿತಿ ಇರಬೇಕು.

ಮಧ್ಯಾಹ್ನ ಅಝೀಮ ಮಸೀದಿಯ ಕಡೆಗೆ ಹೋಗಿದ್ದ. ಮೂರನೆಯ ನಾಜಲ್ ಬಿಚ್ಚಿ, ಬಿಚ್ಚಿಟ್ಟ ಹಳೆಯವುಗಳ ಡಬ್ಬಿಯಿಂದ ಒಂದನ್ನು ತೆಗೆದು ಅಲ್ಲಿ ಕೂರಿಸಿದೆ. ಹೊಸ ವಾಶರ್ ಇರಲಿಲ್ಲ. ಒಂದು ಹಳೆಯದನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ, ಮಗ್ಗುಲು ಮಗುಚಿ ಹಾಕಿದೆ. ಒಳ್ಳೆಯ ನಾಜಲನ್ನು ಕಿರುಹೊತ್ತಿಗೆಯ ಹಾಳೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಇಟ್ಟಿದ್ದೇನೆ. ವಾರ ಮುಗಿದ ಮೇಲೆ ಮರಳಿ ಹಾಕುತ್ತೇನೆ. ಯಾರಿಗೂ ನಷ್ಟವಿಲ್ಲ.

ಕೈಯಿಂದ ಡೀಸೆಲ್ ವಾಸನೆ ಹೋಗುತ್ತಿಲ್ಲ. ಮೂರು ಸಲ ತೊಳೆದೆ.

ಡಿಸೆಂಬರ್ ೨, ಬುಧವಾರ

ಪ್ರಯೋಗದ ಫಲಿತಾಂಶ: ಹಮ್ಮಿಗಿಯಿಂದ ಬಂದ ಸುಮಿತ್ರವ್ವನವರು ಸ್ಟ್ಯಾಂಡಿನಲ್ಲಿ ಇಳಿದು, "ಪಾಪ, ಅಷ್ಟ ಗಾಡಿ ಕೆಟ್ಟಿದ್ರೂ ಎಷ್ಟ ಹಗೂರ ತಂದಾನ ಹುಡುಗ" ಎಂದರು.

ಡಿಸೆಂಬರ್ ೩, ಗುರುವಾರ

ಬೆಳಿಗ್ಗೆ ಅಝೀಮ ಮೂರನೆಯ ನಾಜಲನ್ನು ಬಿಸಿಬಿಸಿಯೇ ಬಿಚ್ಚಿ ಚಿಂದಿಯಲ್ಲಿ ಸುತ್ತಿದ. ಇವತ್ತಿಗೆ ಹದಿನಾಲ್ಕು ದಿನ, ನಾಳೆಗೆ ನಜೀರಸಾಬರ ಮಾತು ಮುಗಿಯುತ್ತದೆ. "ತಂದಾಂವ ನೀ, ನಡಿ," ಎಂದು ನನ್ನನ್ನೂ ಬಸ್ ಹತ್ತಿಸಿದ. ದಾರಿಯುದ್ದಕ್ಕೂ ಸಿಟ್ಟಿನಲ್ಲಿದ್ದ. ಸುಮಿತ್ರವ್ವನವರೆದುರು ತನಗೆ ಅವಮಾನವಾಯಿತು ಎಂದು ಎರಡು ಸಲ ಹೇಳಿದ. ಅಂದರೆ ಅವನಿಗೂ ಹೆಸರಿನ ಮೇಲೆ ಆಸೆಯಿದೆ. ಅದನ್ನು ಕೇಳಿ ಸ್ವಲ್ಪ ಹಗುರವಾಯಿತು.

ನಜೀರಸಾಬರು ಮಸಿ ಒರೆಸಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. "ಇದು ನಂದಲ್ಲ. ಇದರ ಮ್ಯಾಲ ನನ್ನ ಗೀರಿಲ್ಲ."

ಅಂಗಡಿಯಲ್ಲಿ ನಾಲ್ಕೈದು ಜನ ಡ್ರೈವರುಗಳಿದ್ದರು. ಮುಂಡರಗಿಯ ಹುಲಗಪ್ಪನೂ ಇದ್ದ. ಅಝೀಮ ನನ್ನ ಕಡೆ ತಿರುಗಿದ. "ನೀ ತಂದದ್ದು ಇದನ ಹೌದಲ್ಲೋ?"

ನಾನು, "ಇದ," ಎಂದೆ.

ಒಂದೇ ಪದ. ಅದನ್ನು ಹೇಳಿದ್ದು ನಾನೇ ಎಂದು ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ.

ಅಝೀಮ ನಜೀರಸಾಬರ ಮೇಲೆ ಏರಿಹೋದ. ವಯಸ್ಸಾಯಿತು, ಕಣ್ಣು ಹೋದವು, ಗೀರು ಹಾಕುವುದನ್ನು ಮರೆತು ಈಗ ಗಿರಾಕಿಯನ್ನೇ ಕಳ್ಳನನ್ನಾಗಿ ಮಾಡುತ್ತೀರಿ ಎಂದ. "ಅಂಗಡಿ ಮುಚ್ಚಿ ಮನ್ಯಾಗ ಕುಂಡ್ರಿ ಚಾಚಾ," ಎಂದ. ನಜೀರಸಾಬರು ನನ್ನನ್ನು ಒಂದು ಸಲ ನೋಡಿದರು. ಒಂದು ಡಬ್ಬಿ ತೆರೆದು, ಬೇರೆ ನಾಜಲ್ ತೆಗೆದು, ಟೆಸ್ಟರಿಗೆ ಹಾಕಿ ಕೂಗಿಸಿ ತೋರಿಸಿ ಕೊಟ್ಟರು. ಕೆಟ್ಟದ್ದನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ಡಿಸೆಂಬರ್ ೬, ಭಾನುವಾರ

ದಲಾಲರು ಸಮಾಜದ ಬೆನ್ನ ಮೇಲಿನ

(ಮುಂದೆ ಬರೆಯಲಾಗಲಿಲ್ಲ.)

ಡಿಸೆಂಬರ್ ೯, ಬುಧವಾರ

ನನ್ನ ವಾರ. ಕಾರು ಚಲೋ ಓಡುತ್ತಿದೆ. ಗದಗಿನಲ್ಲಿ ಹುಲಗಪ್ಪ ಸಿಕ್ಕಿದ್ದ. ನಜೀರಸಾಬರು ಅವತ್ತಿನಿಂದ ಯಾರಿಗೂ ಹದಿನೈದು ದಿನದ ಮಾತು ಕೊಡುತ್ತಿಲ್ಲವಂತೆ. ಗೀರನ್ನೂ ಹಾಕುವುದಿಲ್ಲ. ನನ್ನ ಕಣ್ಣಿನ ಮೇಲೆ ನನಗೇ ಭರವಸೆ ಉಳಿದಿಲ್ಲ, ನೀವೇ ನೋಡಿ ಒಯ್ಯಿರಿ ಎನ್ನುತ್ತಾರಂತೆ. ಟೆಸ್ಟರ್ ಮುಂದೆ ಒಂದೇ ನಾಜಲನ್ನು ನಾಲ್ಕು ನಾಲ್ಕು ಸಲ ಒತ್ತುತ್ತಾರಂತೆ. ಹುಲಗಪ್ಪ ಅವರು ಮತ್ತೆ ಮತ್ತೆ ಒತ್ತುವುದನ್ನು ಅಣಕಿಸಿ ತೋರಿಸಿ ನಕ್ಕ. ನಾನೂ ನಕ್ಕೆನೇನೋ, ನೆನಪಿಲ್ಲ.

ಇವತ್ತು ಎಷ್ಟು ಜನ ಅಝೀಮನನ್ನು ಕೇಳಿದರೋ ಎಣಿಸುವುದು ಮರೆತುಹೋಯಿತು.

ಡಿಸೆಂಬರ್ ೧೧, ಶುಕ್ರವಾರ

ಸ್ಟೆಪ್ನಿಯ ಕೆಳಗೆ ನಾಜಲ್ ಇಲ್ಲ. ಡಿಕ್ಕಿ ಪೂರ್ತಿ ಬರಿದು ಮಾಡಿ ನೋಡಿದೆ. ಹಾಳೆಯೂ ಇಲ್ಲ. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು.

ಅದು ಇಲ್ಲದಿದ್ದರೂ ಹೋಗಬೇಕು.

ಡಿಸೆಂಬರ್ ೧೨, ಶನಿವಾರ

ಕಾರನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದೆ. ಇಬ್ಬರ ಕಾರು ಇಂಥ ಕೆಲಸಕ್ಕಲ್ಲ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಕಲಿತೆ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನಜೀರಸಾಬರು ನನ್ನನ್ನು ನೋಡಿ ಬೆಂಚು ಒರೆಸಿದರು. ನಾನು ಕೂರದೆಯೇ, ಆ ನಾಜಲ್ ನಿಮ್ಮದಾಗಿರಲಿಲ್ಲ ಎಂದೆ. ಅವರು ಗೊತ್ತಿದೆ ಎಂಬಂತೆ ತಲೆಯಾಡಿಸಿ, ಡ್ರಾವರ್ ಎಳೆದು, ಮೂರು ಗೀರಿನ ನಾಜಲನ್ನು ನನ್ನೆದುರು ಇಟ್ಟರು.

ಬುಧವಾರವೇ ಅಝೀಮ ಬಂದು ಕೊಟ್ಟಿದ್ದನಂತೆ. ನನ್ನ ವಾರದ ಕೊನೆಗೆ ಪಂಕ್ಚರ್ ಹಾಕಿಸಲು ಸ್ಟೆಪ್ನಿ ಎತ್ತಿದಾಗ ಸಿಕ್ಕಿತು, ಹಳೆಯದು ಹೊಸದು ಕೂಡಿ ಇಟ್ಟು ನಾನೇ ಅದಲು ಬದಲು ಮಾಡಿಬಿಟ್ಟೆ, ತಪ್ಪು ನನ್ನದು ಎಂದನಂತೆ. ಕಾಲು ಮುಟ್ಟಲು ಬಗ್ಗಿದ್ದನಂತೆ, ಇವರೇ ಹಿಡಿದು ಎಬ್ಬಿಸಿದರಂತೆ.

ನಾನು ಬಸ್ಸಿನಲ್ಲಿ ಕಲಿತ ಮಾತೆಲ್ಲವನ್ನೂ ಅವನು ಮೂರು ದಿನ ಮೊದಲೇ ಆಡಿ ಮುಗಿಸಿದ್ದ. ಬರೆಯಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಬಂದದ್ದು ಸಿಟ್ಟು. ಜನ ಅವನಿಗೆ, ಅವ್ವನ ಬಿಸಿ ರೊಟ್ಟಿ ಅವನಿಗೆ. ಈಗ ನನ್ನ ತಪ್ಪೂ ಅವನಿಗೇ ಬೇಕಾಯಿತೇ?

ಅವನಲ್ಲ, ನಾನು ಬದಲಿಸಿದ್ದು ಎಂದೆ. ನಜೀರಸಾಬರು ನಕ್ಕರು. "ಅಂವ ತಾನ ಅಂತಾನ, ನೀ ನಾ ಅಂತಿ. ಗೆಳ್ಯಾನ ಹೆಸರ ಕೆಡಬಾರದಂತ ಬಸ್ ಹತ್ತಿ ಬಂದಿ. ಭಾಳ ದೊಡ್ಡ ಮನಸ್ಸ ಐತಿ ತಮ್ಮಾ ನಿಂದು." ಚಹಾ ತರಿಸಿದರು. ಪಕ್ಕದ ಅಂಗಡಿಯವನನ್ನು ಕರೆದು, ಇವನನ್ನು ನೋಡು, ಈಗಿನ ಕಾಲದಲ್ಲೂ ಇಂಥ ಹುಡುಗರಿದ್ದಾರೆ ಎಂದರು. ಅವನೂ ನನ್ನನ್ನು ಆದರದಿಂದ ನೋಡಿದ. ಕಾರು ಕೊಂಡಾಗಿನಿಂದ ಒಬ್ಬರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅರ್ಧ ಚಹಾ ಕುಡಿಯುವವರೆಗೂ ಸುಮ್ಮನಿದ್ದೆ. ಅದನ್ನೂ ಬರೆದಿಡುತ್ತೇನೆ.

ಆಮೇಲೆ, ನೀವು ಇಟ್ಟುಕೊಂ​ಡ ಆ ಕೆಟ್ಟ ನಾಜಲಿನ ವಾಶರ್ ನೋಡಿರಿ ಎಂದೆ. ಅವರು ಅದನ್ನು ತೆಗೆದರು. ವಾಶರ್ ಇನ್ನೂ ಬುಡಕ್ಕೇ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದರು. ಎರಡೂ ಮಗ್ಗುಲಿಗೆ ಹಳೆಯ ಒತ್ತಿನ ಗೆರೆ, ಅದರ ಮೇಲೆ ಕಲ್ಲಿಗೆ ತಿಕ್ಕಿದ ಗೀಚು. ಅವರ ನಗೆ ನಿಂತಿತು.

"ಅಝೀಮ ಹಳೇ ವಾಶರ್ ಹಾಕಾಂವಲ್ಲ," ಎಂದರು. "ನಾನ ಕಲಿಸೀನಿ ಅವಗ."

"ಬಟ್ಟಿ ಒಗ್ಯೂ ಕಲ್ಲಿಗೆ ತಿಕ್ಕಿದ್ನ್ರೀ."

"ಯಾಕ?"

ಪ್ರಯೋಗ, ಸಮಾನ ಪರಿಸ್ಥಿತಿ, ದಲಾಲರು, ಎಲ್ಲ ಉತ್ತರಗಳೂ ನನ್ನ ಹತ್ತಿರವಿದ್ದವು. ಬಾಯಿಗೆ ಬಂದದ್ದು ಬೇರೆ. "ಎಲ್ಲಾರೂ ಅವನ್ನ ಕೇಳ್ತಾರ್ರೀ," ಎಂದೆ.

ನಜೀರಸಾಬರು ಆ ವಾಶರನ್ನೇ ಬೆರಳ ತುದಿಯಲ್ಲಿ ತಿರುಗಿಸಿದರು. ನಿಜ ತಿಳಿಯಿತೆಂದು ಅವರಿಗೆ ಸಮಾಧಾನವಾಯಿತೋ ಏನೋ, ಮುಖದಲ್ಲಿ ಕಾಣಲಿಲ್ಲ. "ಹಂಗಾರ ಅಂವನೂ ನನ್ನ ಮುಂದ ಸುಳ್ಳ ಹೇಳ್ಯಾನ," ಎಂದರು. "ಇಬ್ಬರೂ ಕೂಡಿ ಬರ್ರಿ. ನನಗ ನಾಕ ಮಂದ್ಯಾಗ ಬೈದೀರಿ, ಆ ನಾಕ ಮಂದಿ ಇದ್ದಾಗನ ಬಂದ ಖರೆ ಹೇಳ್ರಿ. ಅಲ್ಲೀತನಾ ಈ ಅಂಗಡ್ಯಾಗ ನಿಮಗ ಒಂದ ವಾಶರೂ ಸಿಗೂದಿಲ್ಲ."

ಉಳಿದ ಚಹಾ ಕುಡಿಯಬೇಕೋ ಬಿಡಬೇಕೋ ತಿಳಿಯಲಿಲ್ಲ. ಲೋಟ ಬೆಂಚಿನ ಮೇಲಿಟ್ಟು ಬಂದೆ.

ಡಿಸೆಂಬರ್ ೧೩, ಭಾನುವಾರ

ಅಝೀಮನಿಗೆ ಹೇಳಿದೆ. ಸ್ಟ್ಯಾಂಡಿನ ಹಿಂದಿನ ಬೇವಿನ ಗಿಡದ ಕೆಳಗೆ ಚಕ್ರ ತೊಳೆಯುತ್ತಿದ್ದ. ತೊಳೆಯುವುದನ್ನು ನಿಲ್ಲಿಸಲಿಲ್ಲ. ನಾಜಲ್ ಬದಲಿಸಿದ್ದು ನಾನು ಎಂದಾಗ, ಅದು ನಿನ್ನ ಕಿರುಹೊತ್ತಿಗೆಯ ಹಾಳೆಯಲ್ಲೇ ಸುತ್ತಿತ್ತು, ಅದರಲ್ಲಿ ಹೊಸ ಸುದ್ದಿ ಏನಿದೆ ಎಂದ. ಸಿಕ್ಕ ದಿನ ನನ್ನನ್ನು ಹೊಡೆಯಬೇಕೆಂದು ಮನೆಯವರೆಗೂ ಬಂದಿದ್ದನಂತೆ. ಅವ್ವ ಬಾಗಿಲಲ್ಲಿದ್ದಳಂತೆ, ಮರಳಿ ಹೋದನಂತೆ. ಹಾಗಾದರೆ ತಪ್ಪನ್ನು ನೀನೇಕೆ ಹೊತ್ತೆ ಎಂದು ಕೇಳಿದೆ.

"ನನ್ನ ಸಣ್ಣಾಂವ ಇದ್ದಾಗಿಂದ ನೋಡ್ಯಾನ ಚಾಚಾ. ಬೈತಾನ, ಮರೀತಾನ. ನಿನ್ನ ಹೆಸರ ಹೇಳಿದ್ರ ಗದಗಿನಾಗ ನಿನಗ ಯಾರೂ ನಟ್ಟ ಸುದ್ದಾ ಕೊಡ್ತಿದ್ದಿಲ್ಲ. ಗಾಡಿ ಇಬ್ಬರದ ಐತಲ್ಲೋ." ಚಿಂದಿಯನ್ನು ಹಿಂಡಿ ಬಕೀಟಿಗೆ ಎಸೆದ. ಬೆಟಗೇರಿಗೆ ಹೋಗಿ ಬಂದೆ, ನಾನೇ ಎಂದು ಹೇಳಿ ಬಂದೆ ಎಂದು ನಾನು ಹೇಳಿದ್ದು ಆಗ. ಅವನು ಮೊದಲ ಸಲ ತಲೆಯೆತ್ತಿದ.

"ಮುಗೀತು. ನಾ ಒಂದ ಸುಳ್ಳ ಹೇಳಿ ಮುಚ್ಚಿದ್ದೆ, ನೀ ಖರೆ ಹೇಳಿ ಅದನ್ನೂ ಕೆಡಿಸಿದಿ. ಮೊದಲ ನೀ ಒಬ್ಬನ ಸುಳ್ಳ ಇದ್ದಿ. ಈಗ ಇಬ್ಬರೂ ಆದ್ವಿ."

ನನಗೆ ನಗು ಬಂತು. ತಡೆಯಲಾಗಲಿಲ್ಲ. ಅವನು ಬಕೀಟಿನ ನೀರನ್ನು ನನ್ನ ಮೇಲೆ ಎರಚಿದ, ನಗುತ್ತಲ್ಲ, ಸಿಟ್ಟಿನಲ್ಲೇ. ಚಪ್ಪಲಿಯಿಂದ ತಲೆಯವರೆಗೆ ತೊಯ್ದು ಮನೆಗೆ ಬಂದೆ. ನಾಳೆ ಬೆಟಗೇರಿಗೆ ಇಬ್ಬರೂ ಹೋಗುವುದೆಂದು ಮಾತಾಯಿತು. ಸೋಮವಾರ ಡ್ರೈವರುಗಳು ಅಲ್ಲಿ ಜಾಸ್ತಿ ಇರುತ್ತಾರೆ.

ಡಿಸೆಂಬರ್ ೧೪, ಸೋಮವಾರ

ಮುಂಜಾನೆ ಸ್ಟ್ಯಾಂಡಿಗೆ ಹೋದಾಗ ಸುಮಿತ್ರವ್ವನವರು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಹೆಸರು ಕೊಡಲು ಶಿರಹಟ್ಟಿಗೆ ಹೋಗಬೇಕಿತ್ತು. ಹೇಗೂ ನಮ್ಮ ದಾರಿಯಲ್ಲೇ ಶಿರಹಟ್ಟಿ, ನಿಮ್ಮನ್ನು ಬಿಟ್ಟು ಮುಂದೆ ಬೆಟಗೇರಿಗೆ ಹೋಗುತ್ತೇವೆ ಎಂದೆ. ಬೆಟಗೇರಿಗೆ ಯಾಕೆ ಎಂದು ಕೇಳಿದರು. ಹೇಳಿದೆ. ಹಮ್ಮಿಗಿಯ ದಾರಿಯಲ್ಲಿ ಅವರು ಕುಡಿದ ಹೊಗೆ ನನ್ನದು ಎಂಬುದನ್ನೂ ಹೇಳಿದೆ. ಅವರು ನನ್ನನ್ನು ನೋಡಿದರು, ಟೈರಿಗೆ ಒದ್ದು ಗಾಳಿ ನೋಡುತ್ತಿದ್ದ ಅಝೀಮನನ್ನು ನೋಡಿದರು. ಚೀಲದಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಅಝೀಮನ ವಾರ. ಕೀಲಿಯನ್ನು ಬಾನೆಟ್ ಮೇಲಿಟ್ಟು, ನಾನು ಎಡಗಡೆಯ ಬಾಗಿಲಿಗೆ ಹೋದೆ. ಹಿಡಿಕೆಗೆ ಕೈ ಹಾಕಿದರೆ ಅಲ್ಲಿ ಇನ್ನೊಂದು ಕೈಯಿತ್ತು. ಅಝೀಮನೂ ಎಡಗಡೆಗೇ ಬಂದು ನಿಂತಿದ್ದ. ಬೆನ್ನು ನೋಯುತ್ತಿದೆ, ಇವತ್ತು ನೀನೇ ಹೊಡಿ ಎಂದ. ನಿನ್ನೆ ನೀರು ಎರಚುವಾಗ ಬೆನ್ನು ಚೆನ್ನಾಗಿಯೇ ಇತ್ತಲ್ಲ ಎಂದೆ.

ಸುಮಿತ್ರವ್ವನವರು ಕಿಟಕಿಯ ಗಾಜು ಇಳಿಸಿದರು.

"ಯಾರರೆ ಒಬ್ಬರು ಸ್ಟೇರಿಂಗಿಗೆ ಕುಂಡ್ರರಪಾ. ಕುಂತವರ ಹೆಸರ ಬರದಬಿಡ್ತೀನಿ. ಹನ್ನೊಂದಕ್ಕ ನಾ ಅಲ್ಲಿರಬೇಕು."

ಪೆನ್ನಿನ ಟೋಪಿ ತೆಗೆದು ಕಾಯುತ್ತ ಕೂತರು. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆಯತೊಡಗಿದ. ಇಬ್ಬರೂ ಆ ಎಡಬಾಗಿಲ ಹಿಡಿಕೆ ಬಿಡಲಿಲ್ಲ.